ಅವ್ವನ ಕೊನೆ ದಿನಗಳು: ಹತ್ತಿರ ಕೂತವರು ಏನು ಓದಬೇಕು?

ಕೇಳಿದ್ದು, ದಾವಣಗೆರೆಯಿಂದ:

ನಮ್ಮವ್ವನಿಗೆ 74 ವರ್ಷ. ಲಿವರ್ ಪೂರ್ತಿ ಹೋಗಿದೆ, ಇನ್ನು ಮನೆಗೇ ಕರೆದುಕೊಂಡು ಹೋಗಿ ಅಂದರು ಡಾಕ್ಟರು. ನಾಲ್ಕು ದಿನದಿಂದ ಮನೆಯಲ್ಲೇ ಇದ್ದಾರೆ. ಒಮ್ಮೊಮ್ಮೆ ಎಚ್ಚರ, ಜಾಸ್ತಿ ಹೊತ್ತು ಮಂಪರು. ನಾವು ನದಾಫರು, ಹತ್ತಿ ಹಿಂಜಿ ಗಾದಿ ಹೊಲಿಯುವ ಮುಸ್ಲಿಮರು, ಮನೆ ಮಾತು ಕನ್ನಡವೇ. ನನಗೆ ಅರಬ್ಬಿ ಓದಲು ಬರುವುದಿಲ್ಲ. ಕುರಾನಿನ ಅಲ್‌ಹಮ್ದು, ಎರಡು ಮೂರು ಸಣ್ಣ ಸೂರಾ (ಅಧ್ಯಾಯ) ಬಾಯಿಪಾಠ, ಅಷ್ಟೇ. ಬಂದವರೆಲ್ಲ ಒಂದೊಂದು ಹೇಳುತ್ತಾರೆ. ಯಾಸೀನ್ ಸೂರಾ 41 ಸಲ ಓದಿಸಲೇಬೇಕು ಅಂತ ಒಬ್ಬರು, ಕಲಿಮಾ ಹೇಳಿಸುತ್ತಲೇ ಇರು ಅಂತ ಇನ್ನೊಬ್ಬರು. ಹೆಣ್ಣುಮಗಳು ಅಂತ ನಾನೊಬ್ಬಳೇ. ಇದನ್ನು ಮನೆಯಲ್ಲಿ ಕಂಡವರು ದಯವಿಟ್ಟು ಹೇಳಿ.

ಚಿತ್ರದುರ್ಗದಿಂದ:

ತಂಗೀ, ಅರಬ್ಬಿ ಬರಲ್ಲ ಅಂತ ಹೆದರಬೇಡ. ಕಲಿಮಾ ಬರುತ್ತದಲ್ವಾ? ಆ ಹೊತ್ತಿಗೆ ಬೇಕಾದ್ದು ಅದೇ. ಲಾ ಇಲಾಹ ಇಲ್ಲಲ್ಲಾಹ್, ಅಲ್ಲಾಹನ ಹೊರತು ಬೇರೆ ದೇವರಿಲ್ಲ ಅಂತ. ನಿಮ್ಮಲ್ಲಿ ಸಾಯುತ್ತಿರುವವರಿಗೆ ಇದನ್ನು ನೆನಪಿಸಿ ಅಂತ ಪೈಗಂಬರರು ಹೇಳಿದ್ದು ಸಹೀಹ್ ಮುಸ್ಲಿಮ್ ಅನ್ನುವ ಹದೀಸ್ (ಪೈಗಂಬರರ ಮಾತುಗಳ) ಸಂಗ್ರಹದಲ್ಲಿದೆ. ತಲ್ಕೀನ್ ಅಂತಾರೆ ಇದಕ್ಕೆ.

ಆದರೆ ನೆನಪಿಸುವುದು ಬೇರೆ, ಹೇಳಿಸುವುದು ಬೇರೆ. ನಮ್ಮನೆಯಲ್ಲಿ ಆಗಿದ್ದು ಎರಡನೆಯದು. ನಮ್ಮಪ್ಪ ಗಾದಿ ಹೊಲಿಯುತ್ತಿದ್ದರು, ನಲವತ್ತು ವರ್ಷ ಹತ್ತಿ ದೂಳು ಕುಡಿದು ಎದೆ ಹಾಳಾಗಿತ್ತು. ಕೊನೆ ರಾತ್ರಿ ಕೋಣೆ ತುಂಬ ಜನ. ಸಂಬಂಧಿಕರೊಬ್ಬರು ಅಪ್ಪನ ಕಿವಿಗೆ ಬಗ್ಗಿ "ಕಲಿಮಾ ಹೇಳು, ಹೇಳು" ಅಂತ ಜೋರಾಗಿ ಕೂಗುತ್ತಲೇ ಇದ್ದರು. ಅಪ್ಪ ಉಸಿರಿಗೇ ಒದ್ದಾಡುತ್ತಿದ್ದವರು ಸಾಕು ಅನ್ನೋ ಹಾಗೆ ಕೈ ಬೀಸಿದರು. ಆಗ ಯಾರೋ "ಅಯ್ಯೋ, ಕಲಿಮಾ ಬೇಡ ಅಂತಿದಾರೆ" ಅಂದುಬಿಟ್ಟರು. ಆ ಒಂದು ಮಾತು ನಮ್ಮವ್ವನನ್ನು ಎಷ್ಟು ತಿಂದಿತು ಅಂದರೆ, ನಮ್ಮ ಮಸೀದಿಯ ಹಜರತ್ ಮನೆಗೇ ಬಂದು, ಅವರು ಬೇಡ ಅಂದಿದ್ದು ಗಲಾಟೆಯನ್ನು, ಕಲಿಮಾವನ್ನಲ್ಲ ಅಂತ ಬಿಡಿಸಿ ಹೇಳುವ ತನಕ ಅವ್ವ ಸರಿಯಾಗಿ ಉಣ್ಣಲಿಲ್ಲ, ಮಲಗಲಿಲ್ಲ.

ಹಜರತ್ ಅವತ್ತು ಹೇಳಿದ್ದು ಇಷ್ಟು. "ಹೇಳು" ಅಂತ ಹುಕುಂ ಮಾಡಬಾರದು. ಪಕ್ಕದಲ್ಲಿ ಕೂತು ನೀನೇ ಮೆಲ್ಲಗೆ, ಅವರಿಗೆ ಕೇಳುವಷ್ಟು ಹೇಳಬೇಕು. ಅವರು ಒಂದು ಸಲ ಹೇಳಿದರೆ ಮುಗಿಯಿತು, ಸುಮ್ನಿರಬೇಕು. ಆಮೇಲೆ ಅವರು ಬೇರೇನಾದರೂ ಮಾತಾಡಿದರೆ ಮಾತ್ರ ಮತ್ತೆ ಒಂದು ಸಲ ನೆನಪಿಸಬೇಕು, ಕೊನೆ ಮಾತು ಕಲಿಮಾ ಆಗಲಿ ಅಂತ. ಅಬ್ದುಲ್ಲಾ ಇಬ್ನ್ ಮುಬಾರಕ್ ಅಂತ ದೊಡ್ಡ ಆಲಿಮ್ (ಧರ್ಮ ಪಂಡಿತರು), ಕ್ರಿ.ಶ. 797ರಲ್ಲಿ ತೀರಿಕೊಂಡವರು. ಅವರ ಸಾವಿನ ಹೊತ್ತಿಗೂ ಒಬ್ಬ ಹೀಗೇ ಬಿಡದೆ ಹೇಳಿಸುತ್ತಿದ್ದನಂತೆ. ನಾನು ಒಂದು ಸಲ ಹೇಳಿದೆನಲ್ಲ, ಬೇರೆ ಮಾತಾಡುವ ತನಕ ಅದರ ಮೇಲೇ ಇದ್ದೇನೆ ಅಂದರಂತೆ ಅವರು. ಅಷ್ಟು ದೊಡ್ಡವರಿಗೇ ಈ ಕಾಟ ತಪ್ಪಲಿಲ್ಲ!

ಇನ್ನು ಕಿಬ್ಲಾ, ಅಂದರೆ ನಮಾಜಿಗೆ ಮುಖ ಮಾಡುವ ಮಕ್ಕಾದ ದಿಕ್ಕು. ನಮ್ಮ ಕಡೆಗೆ ಅದು ಪಶ್ಚಿಮ, ಸ್ವಲ್ಪ ಉತ್ತರಕ್ಕೆ ವಾಲಿದ ಹಾಗೆ. ತಲೆ ಉತ್ತರಕ್ಕೆ ಮಾಡಿ ಬಲ ಮಗ್ಗುಲಿಗೆ ಮಲಗಿಸಿದರೆ ಮುಖ ಪಶ್ಚಿಮಕ್ಕೆ ಬರುತ್ತದೆ. ಉತ್ತರಕ್ಕೆ ತಲೆ ಹಾಕಬಾರದು ಅಂತ ಪಕ್ಕದ ಮನೆ ಅಜ್ಜಿ ಗಾಬರಿಯಾಗಿ ಓಡಿ ಬಂದಿದ್ದರು ಪಾಪ. ಮಗ್ಗುಲಾದರೆ ನೋವು ಅಂದರೆ ಅಂಗಾತ ಮಲಗಿಸಿ, ಕಾಲು ಪಶ್ಚಿಮಕ್ಕೆ ಮಾಡಿ, ತಲೆ ಕೆಳಗೆ ದಿಂಬು ಕೊಟ್ಟರೂ ನಡೆಯುತ್ತದೆ. ಅದೂ ಕಷ್ಟವಾದರೆ ಹೇಗಿದ್ದಾರೋ ಹಾಗೇ ಬಿಡು. ತಿರುಗಿಸಿ ಹಿಂಸೆ ಕೊಡಬೇಡ.

ಚಳ್ಳಕೆರೆಯಿಂದ:

ಯಾಸೀನ್ ಬಗ್ಗೆ ಅಣ್ಣ ಹೇಳಲಿಲ್ಲ. ಅದು ಕುರಾನಿನ 36ನೇ ಸೂರಾ, 83 ಆಯತ್ (ವಾಕ್ಯ). ಸಾಯುವವರ ಹತ್ತಿರ ಓದುವ ರೂಢಿ ಹಳೆಯದು, ನಮ್ಮ ಹನಫಿ ಪಂಥದ ಮನೆಗಳಲ್ಲಿ ಓದಿಯೇ ಓದುತ್ತಾರೆ. ಹಾಗೆ ಓದಿ ಅನ್ನುವ ಹದೀಸು ಬಲವಾದದ್ದಲ್ಲ ಅನ್ನುವ ಆಲಿಮರೂ ಇದ್ದಾರೆ. ಈಗ ಅದರ ಜಗಳಕ್ಕೆ ಕೂರಬೇಡಿ. ಓದಲು ಬರುವವರು ಒಬ್ಬರು ಮೆಲ್ಲಗೆ ಓದಲಿ. 41 ಸಲ ಆಗಲೇಬೇಕು ಅನ್ನುವ ಕಡ್ಡಾಯ ಎಲ್ಲೂ ಇಲ್ಲ. ಮೊಬೈಲಿನಲ್ಲಿ ಹಾಕುವುದಾದರೆ ಸೌಂಡು ಕಮ್ಮಿ ಇಟ್ಟು ಹಾಕಿ. ನಮ್ಮತ್ತೆ ಹತ್ತಿರ ಸ್ಪೀಕರ್ ತಂದಿಟ್ಟಿದ್ದರು, ಮದುವೆ ಮನೆ ಥರ.

ದಾವಣಗೆರೆಯಿಂದ, ನರ್ಸ್:

ನಾನು ಲಿಂಗಾಯತರ ಮನೆಯವಳು, ಓದುವುದರ ಬಗ್ಗೆ ಹೇಳಲಾರೆ. ಆದರೆ ವಾರ್ಡಿನಲ್ಲಿ ಮಕ್ಕಾದ ಜಂಜಂ ನೀರು ಅಂತ ಚಮಚದಲ್ಲಿ ಬಾಯಿಗೆ ಹುಯ್ಯುವುದನ್ನು ತುಂಬ ನೋಡಿದ್ದೇನೆ. ನುಂಗುವ ಶಕ್ತಿ ಹೋದಮೇಲೆ ಅದು ಶ್ವಾಸಕ್ಕೆ ಹೋಗಿ ಕೆಮ್ಮು ಹತ್ತುತ್ತದೆ. ಹತ್ತಿ ಅದ್ದಿ ತುಟಿ, ನಾಲಿಗೆ ಒದ್ದೆ ಮಾಡಿ ಸಾಕು. ಗಂಟಲಲ್ಲಿ ಗೊರಗೊರ ಸದ್ದು ಬಂದರೆ ಹೆದರಬೇಡಿ. ಕೇಳುವ ನಮಗೆ ಆಗುವಷ್ಟು ಸಂಕಟ ಸಾಮಾನ್ಯವಾಗಿ ಅವರಿಗೆ ಇರುವುದಿಲ್ಲ. ಮಂಪರಿನಲ್ಲಿದ್ದರೂ ಕೇಳಿಸುತ್ತದೆ ಅಂದುಕೊಂಡೇ ಮಾತಾಡಿ. ಕಫನ್ (ಹೆಣಕ್ಕೆ ಸುತ್ತುವ ಬಟ್ಟೆ), ಖರ್ಚು, ಯಾರು ಯಾವಾಗ ಬರುತ್ತಾರೆ ಇವೆಲ್ಲ ಹೊರಗಡೆ.

ಹರಿಹರದಿಂದ:

ನರ್ಸಮ್ಮ ಹೇಳಿದ್ದು ನೂರಕ್ಕೆ ನೂರು. ನಮ್ಮಲ್ಲೂ ಅದೇ ಇದೆ. ಕಾಯಿಲೆಯವರ ಹತ್ತಿರ, ಸತ್ತವರ ಹತ್ತಿರ ಒಳ್ಳೆಯದನ್ನೇ ಆಡಿ, ನೀವು ಹೇಳಿದ್ದಕ್ಕೆ ಫರಿಶ್ತೆಗಳು (ದೇವದೂತರು) ಆಮೀನ್ ಅನ್ನುತ್ತಾರೆ ಅಂತ ಪೈಗಂಬರರು ಹೇಳಿದ್ದಾರೆ. ಹಾಗಾಗಿ ಅತ್ತುಕೊಂಡು ಬಾಯಿಗೆ ಬಂದದ್ದು ಆಡುವವರನ್ನು ಸ್ವಲ್ಪ ದೂರ ಕೂರಿಸಿ.

ಇನ್ನೊಂದು. ಸಕರಾತ್ (ಸಾಯುವ ಹೊತ್ತಿನ ಸಂಕಟ) ಜೋರಾಗಿದೆ, ಏನೋ ಪಾಪ ಮಾಡಿರಬೇಕು ಅಂತ ಪಿಸುಗುಟ್ಟುವವರು ಬಂದೇ ಬರುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಮ್ಮ. ಪೈಗಂಬರರೇ ಕೊನೆ ಹೊತ್ತಿನಲ್ಲಿ ನೀರಿಗೆ ಕೈ ಅದ್ದಿ ಮುಖ ಒರೆಸಿಕೊಳ್ಳುತ್ತಾ, ಸಾವಿಗೆ ಸಕರಾತ್ ಇದ್ದೇ ಇದೆ ಅಂದರು. ಅವರಿಗೇ ತಪ್ಪಲಿಲ್ಲ.

ಅಮ್ಮ ಎಚ್ಚರ ಇದ್ದಾಗ ಯಾರಿಗಾದರೂ ಸಾಲ ಕೊಡುವುದಿದೆಯಾ ಅಂತ ಕೇಳಿ ಬರೆದಿಡು. ನಮ್ಮವ್ವ ಚೀಟಿ ದುಡ್ಡು ಎರಡು ಸಾವಿರ ಅಂದಿದ್ದರು, ನಮಗ್ಯಾರಿಗೂ ಗೊತ್ತೇ ಇರಲಿಲ್ಲ. ಮಾಫಿ ಕೇಳುವುದಿದ್ದರೆ ಈಗಲೇ ಕೇಳು, ಕನ್ನಡದಲ್ಲೇ. ದುವಾನೂ ಹಾಗೇ. ಯಾ ಅಲ್ಲಾಹ್, ನಮ್ಮವ್ವನಿಗೆ ಸುಲಭ ಮಾಡು ಅಂದರೆ ಅವನಿಗೆ ತಿಳಿಯಲ್ವಾ?

ಆದಮೇಲೆ ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್ ಅನ್ನು, ನಾವು ಅಲ್ಲಾಹನವರು, ಅವನ ಹತ್ತಿರವೇ ಮರಳುವವರು ಅಂತ. ಕಣ್ಣು ಮುಚ್ಚಿಸಿ, ದವಡೆಗೆ ಬಟ್ಟೆ ಕಟ್ಟಿ, ಕೈಕಾಲು ನೆಟ್ಟಗೆ ಮಾಡಿ ಚಾದರ ಹೊದಿಸಿ. ಗುಸುಲ್ (ಕೊನೆ ಸ್ನಾನ) ಮಾಡಿಸುವ ಹೆಂಗಸರು ಯಾರು ಅಂತ ನಿಮ್ಮ ಜಮಾತಿನಲ್ಲಿ ಈಗಲೇ ಕೇಳಿಟ್ಟುಕೋ. ಹೆಂಗಸರ ಕಫನ್ನಿಗೆ ಐದು ಬಟ್ಟೆ. ಮಿಕ್ಕಿದ್ದು ಅವರಿಗೆ ಗೊತ್ತಿರುತ್ತದೆ.

ಕೇಳಿದವರು:

ಎಲ್ಲರಿಗೂ ಶುಕ್ರಿಯಾ. ಮಂಚ ತಿರುಗಿಸಿದೆವು. ಸ್ಪೀಕರ್ ನಮ್ಮಲ್ಲೂ ಬಂದಿತ್ತು, ತೆಗೆಸಿದೆ. ಬೆಳಗ್ಗೆ ಅವ್ವನಿಗೆ ಎಚ್ಚರವಾದಾಗ ಪಕ್ಕದಲ್ಲಿ ಕೂತು ಒಂದೇ ಸಲ ಕಲಿಮಾ ಹೇಳಿದೆ. ತುಟಿ ಆಡಿಸಿದರು, ನಾನೂ ಸುಮ್ಮನಾದೆ. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ಬಿಟ್ಟು, ನಿನ್ನ ಮಗ ಉಂಡನಾ ಅಂತ ಕೇಳಿದರು. ಅಣ್ಣಾ, ಈಗ ಮತ್ತೆ ಹೇಳಬೇಕಾ?

ಚಿತ್ರದುರ್ಗದಿಂದ:

ಹೇಳು ತಂಗೀ, ಅವಸರ ಇಲ್ಲ. ಮೊದಲು ಉಂಡ ಅಂತ ಹೇಳು.