ಪದಚರ್ಚೆ: ಮೆಟ್ಟುಗತ್ತಿಯ ಕಲೆ ಸಾಕ್ಷಿಯೋ, ಕುರುಹೋ?

ಎಲ್ಲರಿಗೂ ನಮಸ್ಕಾರ.

ತೀರ್ಥಹಳ್ಳಿಯಲ್ಲಿ ಕೂತು ಕೋರ್ಟಿನ ಕಾಗದಪತ್ರಗಳನ್ನು ಕನ್ನಡಕ್ಕೆ ಮಾಡಿಕೊಡುವ ಕೆಲಸ ನನ್ನದು. ಈ ವಾರ ಬಂದಿರುವುದು ಕೊಲೆ ಮೊಕದ್ದಮೆ. ಕಣ್ಣಾರೆ ಕಂಡವರು ಯಾರೂ ಇಲ್ಲ. ಅಡಿಕೆ ಸುಲಿಯುವ ಚಪ್ಪರದಲ್ಲಿ ಸಿಕ್ಕ ಒಂದು ಮೆಟ್ಟುಗತ್ತಿ (ಮಣೆಗೆ ಕೂರಿಸಿದ, ಅಡಿಕೆ ಸುಲಿಯುವ ಕತ್ತಿ), ಅದರ ಅಲಗಿನ ಬುಡದಲ್ಲೊಂದು ಕಲೆ. ಕೇಸು ನಿಂತಿರುವುದು ಅದರ ಮೇಲೆ, ನನ್ನ ಅನುವಾದ ನಿಂತುಹೋಗಿರುವುದೂ ಅಲ್ಲೇ.

‘ಫೊರೆನ್ಸಿಕ್ ಎವಿಡೆನ್ಸ್’ಗೆ ಏನು ಬರೆಯುವುದು? ‘ವಿಧಿವಿಜ್ಞಾನ ಸಾಕ್ಷ್ಯ’ ಎಂದು ರೂಢಿಯಲ್ಲಿದೆ, ನಿಜ. ಆದರೆ ಕನ್ನಡದಲ್ಲಿ ವಿಧಿ ಎಂದರೆ ಮೊದಲು ಹೊಳೆಯುವುದು ಹಣೆಬರಹ. ನಮ್ಮ ಅತ್ತೆ ಟಿ.ವಿ.ಯಲ್ಲಿ ಆ ಮಾತು ಕೇಳಿ, ‘ಎಂತದಾ ಅದು, ಜಾತಕ ನೋಡೋದಾ?’ ಅಂದಿದ್ದರು. ನ್ಯಾಯವಿಜ್ಞಾನ ಎಂದರೆ ಆ ತೊಡಕಿಲ್ಲ, ಅದಿರಲಿ.

ನನ್ನ ತಕರಾರು ಸಾಕ್ಷಿಯ ಬಗ್ಗೆ. ಪಾಣಿನಿಯ ಸೂತ್ರವೇ ಇದೆ, ‘ಸಾಕ್ಷಾದ್ ದ್ರಷ್ಟರಿ ಸಂಜ್ಞಾಯಾಮ್’. ಖುದ್ದು ನೋಡಿದವನು ಸಾಕ್ಷಿ. ಕತ್ತಿ ಏನನ್ನು ನೋಡೀತು? ಸಾಕ್ಷಿ ಹೇಳಿದ್ದು ಸಾಕ್ಷ್ಯ ಎಂಬ ಭೇದ ಪುಸ್ತಕದಲ್ಲಿದೆ, ಪೇಪರಿನಲ್ಲಿಲ್ಲ. ‘ಸಾಕ್ಷಿ ನಾಶ’ ಎಂಬ ತಲೆಬರಹ ಕಂಡಾಗೆಲ್ಲ ನನಗೆ ಪಾಪ, ಯಾರೋ ಇನ್ನೊಬ್ಬನೂ ಹೋದ ಅನ್ನಿಸುತ್ತದೆ. ಪುರಾವೆ, ರುಜುವಾತು ಎರಡೂ ಸಾಬೀತಾದ ಮೇಲಿನ ಮಾತುಗಳು. ಕತ್ತಿಯ ಮೇಲೆ ಸುಮ್ಮನೆ ಅಂಟಿಕೊಂಡಿರುವುದಕ್ಕೆ ನನಗೆ ತೋಚುವುದು ‘ಕುರುಹು’.

ಮಹಜರಿನಲ್ಲಿ, ಅಂದರೆ ಪೊಲೀಸರು ಪಂಚರ ಎದುರು ಬರೆದ ಸ್ಥಳದ ವರದಿಯಲ್ಲಿ, ಇರುವುದು ‘ರಕ್ತದ ಕಲೆಯುಳ್ಳ ಕತ್ತಿ’. ಮಲೆನಾಡಿನವರು ಇಲ್ಲಿ ತಟ್ಟನೆ ಹುಬ್ಬೇರಿಸಬೇಕು. ಅಡಿಕೆ ಸುಗ್ಗಿಯಲ್ಲಿ ಕತ್ತಿ, ಮಣೆ, ಕೈ, ಪಂಚೆ ಎಲ್ಲದಕ್ಕೂ ಕಲೆಯೇ. ಅಡಿಕೆ ಬೇಯಿಸಿದ ಕೆಂಪು ರಸ, ಚೊಗರು, ಬಿದ್ದು ಒಣಗಿದರೆ ಹಳೆಯ ನೆತ್ತರಿನ ಹಾಗೇ ಕೆಂಗಂದು. ಎಲೆಯಡಿಕೆ ಉಗುಳಿದ್ದರಂತೂ ಕೇಳುವುದೇ ಬೇಡ. ಪಂಚರು ನೋಡಿದ್ದು ಕೆಂಪು ಕಲೆ ಮಾತ್ರ. ‘ರಕ್ತ’ ಎಂಬುದು ಬರೆದವರ ತೀರ್ಮಾನ.

ಲ್ಯಾಬಿನವರು ಇಷ್ಟು ಅವಸರಪಡುವುದಿಲ್ಲ. ಕಲೆಯನ್ನು ಒರೆಸಿಕೊಂಡ ಹತ್ತಿಗೆ ಬಣ್ಣ ಕಳೆದ ಫಿನಾಲ್ಫ್ತಲೀನ್ ಎಂಬ ರಾಸಾಯನಿಕ ಹಾಕುತ್ತಾರೆ, ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್. ಕೆಲವೇ ಸೆಕೆಂಡಿನಲ್ಲಿ ಗುಲಾಬಿಯಾದರೆ ರಕ್ತ ಇರಬಹುದು, ಅಷ್ಟೇ. ಕೆಲವು ಗಿಡಗಳ ರಸದಲ್ಲಿರುವ ಪೆರಾಕ್ಸಿಡೇಸ್ ಕಿಣ್ವವೂ ಅದೇ ಬಣ್ಣ ತರಿಸೀತು. ಅದನ್ನು ಖಚಿತಪಡಿಸುವ ಟಕಯಾಮಾ ಎಂಬ ಪರೀಕ್ಷೆಯಲ್ಲಿ ಹರಳು ಮೂಡಿದರೆ ರಕ್ತವೇ. ಮನುಷ್ಯನದೋ ಪ್ರಾಣಿಯದೋ ಎಂದು ಬೇರ್ಪಡಿಸುವ ಸೀರಂ ಪರೀಕ್ಷೆ 1901ರಷ್ಟು ಹಿಂದಿನದು. ಯಾರದು ಎಂದು ಹೇಳಲು ಡಿಎನ್‌ಎ ಬೇಕು, ಅದರ ದಾರಿ ತೆರೆದದ್ದು 1984ರಲ್ಲಿ. ಇರಬಹುದು, ಹೌದು, ಮನುಷ್ಯನದು, ಇಂಥವರದು: ನಾಲ್ಕು ಮೆಟ್ಟಿಲು. ಮಹಜರಿನ ಕನ್ನಡ ಮೊದಲೆರಡನ್ನೂ ಒಂದೇ ನೆಗೆತಕ್ಕೆ ಹತ್ತಿಬಿಟ್ಟಿದೆ. ಆರೋಪಿ ಪರ ವಕೀಲರು ಪಾಟೀ ಸವಾಲಿನಲ್ಲಿ ಹಿಡಿಯುವುದೂ ಇಂಥಲ್ಲೇ.

ನಾಲ್ಕೂ ಹತ್ತಿದ ಮೇಲೂ ಕಡಿದವರು ಯಾರು ಎಂದು ಆ ರಕ್ತ ಹೇಳುವುದಿಲ್ಲ. 1898ರಲ್ಲಿ ಬಂಗಾಳದ ಜಲಪಾಯ್‌ಗುರಿಯಲ್ಲಿ ಟೀ ತೋಟದ ಮ್ಯಾನೇಜರನ ಕೊಲೆಯ ವಿಚಾರಣೆ ನಡೆಯಿತು. ಅವನ ಪೆಟ್ಟಿಗೆಯಿಂದ ಹಣ ಕಳವಾಗಿತ್ತು. ಅದರಲ್ಲಿದ್ದ ಪಂಚಾಂಗವೊಂದರ ಮೇಲೆ ಸಿಕ್ಕ ಹೆಬ್ಬೆಟ್ಟಿನ ಗುರುತು, ಹಿಂದೆ ಕಳವಿನಲ್ಲಿ ಶಿಕ್ಷೆಯಾಗಿದ್ದ ಹಳೆಯ ಆಳಿನ ಗುರುತಿಗೆ ಸರಿಹೋಯಿತು. ಕಳವಿಗೆ ಶಿಕ್ಷೆಯಾಯಿತು, ಕೊಲೆಗೆ ಆಗಲಿಲ್ಲ. ಪೆಟ್ಟಿಗೆಗೆ ಕೈ ಹಾಕಿದ್ದಾನೆ ಎಂಬುದಕ್ಕೆ ಆ ಕುರುಹು ಸಾಕ್ಷ್ಯವಾಯಿತು, ಕೊಂದಿದ್ದಾನೆ ಎಂಬುದಕ್ಕೆ ಆಗಲಿಲ್ಲ.

ಹಾಗಾಗಿ ನಾನು ಹೀಗೆ ಬಳಸೋಣ ಅಂದುಕೊಂಡಿದ್ದೇನೆ: ಬಿದ್ದಿರುವುದು ಕುರುಹು, ತನಿಖೆಯವರಿಗೆ ಅದರಿಂದ ಸಿಗುವುದು ಸುಳಿವು, ಕೋರ್ಟು ಒಪ್ಪಿದರೆ ಸಾಕ್ಷ್ಯ. ಸಾಕ್ಷಿ ಮನುಷ್ಯರಿಗೆ ಮಾತ್ರ. ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ತಜ್ಞರು ಸ್ಥಳಕ್ಕೇ ಬರಬೇಕೆಂದು ಕ್ರಿಮಿನಲ್ ಕೇಸು ನಡೆಸುವ ಹೊಸ ಕಾನೂನಾದ ನಾಗರಿಕ ಸುರಕ್ಷಾ ಸಂಹಿತೆ ಹೇಳುವುದರಿಂದ ಈ ಪದಗಳು ಇನ್ನು ಫೈಲಿಗೊಂದರಂತೆ ಎದುರಾಗುತ್ತವೆ.

ಕೇಳಬೇಕಾದದ್ದು ಎರಡು. ಹಳಗನ್ನಡದ ‘ಕಱೆ’ ಈಗ ‘ಕರೆಗಟ್ಟಿದ ಹಲ್ಲು’ ಎನ್ನುವಲ್ಲಿ ಉಳಿದಿದೆ. ಕಲೆಗೆ ಚಿತ್ರಕಲೆಯ ನೆರಳು ಬೀಳುವ ಕಡೆ ಅದನ್ನು ಬಳಸಿದರೆ ಓದುವವರು ‘ಫೋನ್ ಕರೆ’ ಅಂದುಕೊಂಡಾರೇ? ಇನ್ನೊಂದು, ‘ಇರಬಹುದು’ ಎಂದಷ್ಟೇ ಹೇಳುವ ಆ ಮೊದಲ ಪರೀಕ್ಷೆಗೆ ಏನೆನ್ನುವುದು? ‘ಪ್ರಾಥಮಿಕ’ ಎಂದರೆ ಮೊದಲನೆಯದು ಎಂದಷ್ಟೇ ಆಯಿತು, ಅನುಮಾನ ಬರಲಿಲ್ಲ. ‘ಗುಮಾನಿ ಪರೀಕ್ಷೆ’ ಎಂದು ಬರೆದು ನಾನೇ ನಕ್ಕು ಹೊಡೆದುಹಾಕಿದೆ. ಸೋಮವಾರ ಪ್ರತಿ ಕೊಡಬೇಕು, ಅಷ್ಟರೊಳಗೆ ತಿಳಿದವರು ತಿಳಿಸಿ.