ಬೆಳೆ ಅಂದರೆ ಬೇಳೆ ಬರೆಯುತ್ತಾರೆ: ಹ್ರಸ್ವ–ದೀರ್ಘ ಕಲಿಸುವುದು ಹೇಗೆ?

ಮದ್ದೂರು ಟೀಚರ್
ಎರಡನೇ ತರಗತಿ ಮಕ್ಕಳು. ಕಾಗುಣಿತ ಒಪ್ಪಿಸುತ್ತಾರೆ, ಬೋರ್ಡ್ ನೋಡಿ ತಪ್ಪಿಲ್ಲದೆ ಬರೆಯುತ್ತಾರೆ. ಉಕ್ತಲೇಖನ ಕೊಟ್ಟರೆ ಮಾತ್ರ ‘ಬೆಳೆ’ ಹೋಗಿ ‘ಬೇಳೆ’ ಆಗುತ್ತೆ, ‘ಓದು’ ಹೋಗಿ ‘ಒದು’ ಆಗುತ್ತೆ. ಎ–ಏ, ಒ–ಓ ಗಳಲ್ಲೇ ಜಾಸ್ತಿ. ತಿದ್ದಿ ಬರೆಸಿದರೂ ಮರುದಿನ ಅದೇ ಕಥೆ. ಎಲ್ಲಿಂದ ಶುರು ಮಾಡಲಿ?

ಸರಸ್ವತಿಪುರಂ
ಮೇಡಂ, ತಿದ್ದಿ ಬರೆಸೋದನ್ನ ಸದ್ಯಕ್ಕೆ ನಿಲ್ಲಿಸಿ. ತಪ್ಪು ಕಿವಿಯದ್ದೋ ಕೈಯದ್ದೋ ಅಂತ ಮೊದಲು ತಿಳಿಯಬೇಕು. ಪುರಿ–ಪೂರಿ, ಕರು–ಕಾರು, ಕೆರೆ–ಕೇರೆ, ಒಲೆ–ಓಲೆ: ಇವುಗಳ ಚಿತ್ರದ ಕಾರ್ಡ್ ಮಾಡಿ, ಅಕ್ಷರ ಬರೆಯಬೇಡಿ. ಒಂದು ಜೋಡಿ ಮುಂದಿಟ್ಟು ಪದ ಹೇಳಿ, ಮಗು ತೋರಿಸಲಿ. ಜೋಡಿಗೆ ಆರು ಸಲವಾದರೂ ಅದಲುಬದಲು ಮಾಡಿ ಕೇಳಿ. ಇರೋದು ಎರಡೇ ಕಾರ್ಡ್, ಒಂದೆರಡು ಸಲ ಅಂದಾಜಿನಲ್ಲೇ ಸರಿಯಾಗಿಬಿಡುತ್ತೆ.

ಸರಿಯಾಗಿ ತೋರಿಸಿ ‘ಕೇರೆ’ಗೆ ‘ಕೆರೆ’ ಬರೆದರೆ ಕಿವಿ ಚೆನ್ನಾಗಿದೆ, ಕೈ ತಪ್ಪುತ್ತಿದೆ. ಕೀ, ಕೇ, ಕೋ ಮೂರರಲ್ಲೂ ದೀರ್ಘದ ಗುರುತು ಬಲಕ್ಕೆ ಬಿಡಿಯಾಗಿ ನಿಲ್ಲುತ್ತೆ. ಅಕ್ಷರ ಮುಗೀತು ಅಂತ ಮಕ್ಕಳು ಮುಂದಕ್ಕೆ ಹೋಗಿಬಿಡುತ್ತಾರೆ. ಅದೊಂದನ್ನು ಬೇರೆ ಬಣ್ಣದ ಸೀಮೆಸುಣ್ಣದಲ್ಲಿ ಬರೆಸಿ.

ಮಂಡ್ಯದವನು
ನಾವು ಉಕ್ತಲೇಖನ ಕೊಡುವ ರೀತಿಯನ್ನೂ ನೋಡಬೇಕು. ಮಕ್ಕಳಿಗೆ ಅನುಕೂಲ ಆಗಲಿ ಅಂತ ‘ಬೆ… ಳೆ…’ ಎಂದು ಬಿಡಿಸಿ ಹೇಳಿದರೆ ‘ಬೆ’ ತಾನಾಗೇ ಎಳೆದುಕೊಳ್ಳುತ್ತೆ. ಆಗ ‘ಬೇಳೆ’ ಬರೆದ ಮಗು ಕೇಳಿದ್ದನ್ನೇ ಬರೆದಿದೆ. ಮಾಮೂಲಿ ಮಾತಿನ ವೇಗದಲ್ಲೇ ಹೇಳಿ: “ಗದ್ದೇಲಿ ಬೆಳೆ ಬಂದಿದೆ. ಬೆಳೆ.” “ಸಾರಿಗೆ ಬೇಳೆ ಹಾಕು. ಬೇಳೆ.” ಮಗು ಅದನ್ನು ತಾನೊಮ್ಮೆ ಹೇಳಿ ಆಮೇಲೆ ಬರೆಯಲಿ. ಹೇಳುವಾಗ ಹ್ರಸ್ವಕ್ಕೆ ಬೆಂಚಿನ ಮೇಲೆ ಒಂದು ತಟ್ಟು, ದೀರ್ಘಕ್ಕೆ ಅಂಗೈ ಎಳೆಯುವುದು. ಒಂದು ಮಾತ್ರೆ, ಎರಡು ಮಾತ್ರೆ. ಮಕ್ಕಳಿಗೆ ಅಷ್ಟು ಸಾಕು.

ಅ–ಆ ಮೊದಲಿರಲಿ, ಅಲ್ಲಿ ಬಾಯಿ ತೆರೆಯುವುದೇ ಬೇರೆ, ಕಣ್ಣಿಗೂ ಕಾಣುತ್ತೆ. ಎ–ಏ, ಒ–ಓ ಕೊನೆಗೆ. ಮನೆಯಲ್ಲಿ ಹಿಂದಿ ಆಡುವ ಮಕ್ಕಳಿಗೆ ಇವು ಇನ್ನೂ ಕಷ್ಟ, ಹಿಂದಿ ವರ್ಣಮಾಲೆಯಲ್ಲಿ ಹ್ರಸ್ವ ಎ, ಒ ಗಳಿಗೆ ಬೇರೆ ಅಕ್ಷರವೇ ಇಲ್ಲ.

ಕುವೆಂಪುನಗರ
ತಟ್ಟುವುದು ಒಳ್ಳೆಯದೇ, ಆದರೆ ಹಲ್ಲು–ಹಾಲು, ಸೊಪ್ಪು–ಸೋಪು ಜೋಡಿಗಳನ್ನು ಈಗಲೇ ತರಬೇಡಿ. ‘ಹಲ್ಲು’ವಿನಲ್ಲಿ ಸ್ವರ ಹ್ರಸ್ವವೇ, ಆದರೂ ಮುಂದೆ ಒತ್ತಕ್ಷರ ಇರುವುದರಿಂದ ಛಂದಸ್ಸಿನಲ್ಲಿ ಮೊದಲಕ್ಷರ ಗುರು, ಅಂದರೆ ಎರಡು ಮಾತ್ರೆ. ‘ಹಾಲು’ವಿನಲ್ಲೂ ಗುರುವೇ. ತಟ್ಟಿ ನೋಡಿದ ಮಗುವಿಗೆ ಎರಡೂ ಒಂದೇ ಅನ್ನಿಸಿ ‘ಹಾಲ್ಲು’ ಬರೆಯುತ್ತೆ. ಒಂಟಿ ವ್ಯಂಜನದ ಪದಗಳು ಗಟ್ಟಿಯಾದ ಮೇಲೆ, ‘ಹಲ್ಲು’ವಿನಲ್ಲಿ ನಾಲಿಗೆ ಲ್ ಮೇಲೆ ನಿಲ್ಲುತ್ತೆ, ‘ಹಾಲು’ವಿನಲ್ಲಿ ಆ ಮೇಲೆ ದನಿ ನಿಲ್ಲುತ್ತೆ ಅಂತ ಬಾಯಲ್ಲೇ ಆಡಿ ತೋರಿಸಿ.

ಇನ್ನು ‘ಓಲೆ’ ಈಗಿನ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ಗೊತ್ತಿಲ್ಲದ ಪದ ಇಟ್ಟು ಕಿವಿ ಪರೀಕ್ಷೆ ಮಾಡಲಾಗದು. ಅದರ ಬದಲು ಒದಿ–ಓದಿ, ಕೊಡು–ಕೋಡು ಅಭಿನಯ ಮಾಡಿಸಿ.

ಮದ್ದೂರು ಟೀಚರ್
ದಿನಕ್ಕೆ ಎಷ್ಟು ಹೊತ್ತು? ಚಿತ್ರದಲ್ಲೂ ತಪ್ಪುವ ಮಗು ಇದ್ದರೆ?

ಸರಸ್ವತಿಪುರಂ
ಹತ್ತು ನಿಮಿಷ, ಒಂದೇ ಸ್ವರಜೋಡಿ, ಮೂರ್ನಾಲ್ಕು ಪದಜೋಡಿ. ಅದು ಕೂತ ಮೇಲೆ ಮುಂದಿನದು. ಕೆಲವು ವಾರ ಆದರೂ ಚಿತ್ರದಲ್ಲಿ ತಪ್ಪುತ್ತಿದ್ದು, ಹಿಂದಿನಿಂದ ಕರೆದರೆ ತಿರುಗದೆ ಇದ್ದರೆ, ಕಿವಿ ತೋರಿಸಲು ಮನೆಯವರಿಗೆ ಹೇಳಿ. ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡುತ್ತಾರೆ.