ಹಳೆಯ ರೇಡಿಯೋ ಟೇಪ್ ಓಡುತ್ತಿಲ್ಲ, ಸಹಾಯ ಬೇಕು

ಒಂದು ಸಣ್ಣ ಊರಿನ ರೇಡಿಯೋ ಕೇಂದ್ರದ ಇತಿಹಾಸ ಬರೆಯುತ್ತಿದ್ದೇನೆ. ಮೊದಲ ಪ್ರಸಾರದ ಕಾಲು ಇಂಚಿನ ಸ್ಪೂಲ್ ಟೇಪ್ ಸಿಕ್ಕಿದೆ. ಡಬ್ಬದ ಮೇಲೆ ಒಂದು ತಾರೀಖು, ಲಾಗ್ ಪುಸ್ತಕದಲ್ಲಿ ಇನ್ನೊಂದು! ಉದ್ಘೋಷಕರ ಬಾಯಿಂದಲೇ ಕೇಳೋಣ ಅಂದರೆ ಟೇಪ್ ಕಿರ್ರೆಂದು ನಿಲ್ಲುತ್ತದೆ, ಹೆಡ್ (ಮೆಷಿನ್‌ನಲ್ಲಿ ಟೇಪಿನ ಧ್ವನಿ ಓದುವ ಭಾಗ) ತುಂಬಾ ಕಂದು ಅಂಟು. ಸ್ಪಿರಿಟ್‌ನಲ್ಲಿ ಒರೆಸಿದೆ, ಬೇರೆ ಮೆಷಿನ್‌ಗೂ ಹಾಕಿದೆ. ಊಹೂಂ.

ಹೀಗೆ ಅಂಟುವ ಟೇಪು ಪಾಲಿಯೆಸ್ಟರ್ ಪ್ಲಾಸ್ಟಿಕ್‌ನದಾದರೆ, ಅದನ್ನು 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕೆಲವು ಗಂಟೆ ಬಿಸಿ ಮಾಡಿದರೆ ಸ್ವಲ್ಪ ದಿನ ಓಡುತ್ತದೆ. ಅಸಿಟೇಟ್ (ಇನ್ನೊಂದು ಬಗೆಯ ಹಳೆಯ ಪ್ಲಾಸ್ಟಿಕ್) ಆದರೆ ಬಿಸಿಗೆ ಹಾಳಾಗುತ್ತದೆ. ಬೆಳಕಿಗೆ ಹಿಡಿದರೆ ಅಸಿಟೇಟ್ ಸುರುಳಿ ಬೆಳಕು ಬಿಡುತ್ತದೆ, ಅಲ್ವಾ? ನನ್ನದರಲ್ಲಿ ಒಳಗಿನ ಅರ್ಧ ಬಿಡುತ್ತದೆ, ಹೊರಗಿನದು ಇಲ್ಲ. ಯಾರೋ ಎರಡನ್ನೂ ಸೇರಿಸಿ ಅಂಟಿಸಿದ್ದಾರೆ!

ಬೇರೆ ಮಾಡಲು ಬಿಚ್ಚಿದರೆ ಧ್ವನಿ ಇರುವ ಲೇಪ ಕಿತ್ತುಬರುವ ಭಯ. ಹಾಗೇ ಬಿಸಿ ಮಾಡಿದರೆ ಒಳಗಿನದು ಹೋಗುತ್ತದೆ. ಬಿಸಿ ಮಾಡದೆ ಹೊರಗಿನ ಅರ್ಧವನ್ನು ಸುರಕ್ಷಿತವಾಗಿ ಬಿಚ್ಚುವುದು ಹೇಗೆ?